ಹೋಲಾರ್‌ನ ಅಚ್ಚುಕೂಟ ಮತ್ತು ಐಸ್‌ಲ್ಯಾಂಡಿನ ಹಸ್ತಪ್ರತಿಗಳು

ಯುರೋಪಿನಲ್ಲಿ ಮುದ್ರಣವು ಕ್ರೈಸ್ತಧರ್ಮವನ್ನು ಹೇಗೆ ಬದಲಿಸಿತು ಎಂದು ವಿವರಿಸುವವರು ಸಾಮಾನ್ಯವಾಗಿ ಮೈನ್ಸ್ ನಗರದ ಗುಟೆನ್‌ಬರ್ಗನಿಂದ ಹೊರಟು, ವಿಟೆನ್‌ಬರ್ಗಿನ ಕಥೋಲಿಕ ಚರ್ಚಿಗೆ ಎದುರುನಿಂತ ಮತಸುಧಾರಕ ಮಾರ್ಟಿನ್ ಲೂಥರನ ಬಳಿ ಬಂದು ನಿಲ್ಲುತ್ತಾರೆ. 1522ರ ಸೆಪ್ಟೆಂಬರಿನಲ್ಲಿ ಲೂಥರನ ಜರ್ಮನ್ ಹೊಸ ಒಡಂಬಡಿಕೆ ಅಚ್ಚಾಗಿ ಹೊರಬಂದ ಬಗೆ, ಅದನ್ನು ಜನರು ಮುಗಿಬಿದ್ದು ಕೊಂಡ ಬಗೆ ನಮಗೆಲ್ಲ ಸಾಕಷ್ಟು ಪರಿಚಿತವಾಗಿದೆ. ಆದರೆ ಅದು ಪಟ್ಟಣಗಳ ಕಥೆ. ಅಲ್ಲಿ ಮುದ್ರಕರಿದ್ದರು, ವ್ಯಾಪಾರಿಗಳಿದ್ದರು, ವಿಶ್ವವಿದ್ಯಾಲಯವಿತ್ತು, ಪುಸ್ತಕ ಮಾರಾಟವಾಗುವ ಜಾತ್ರೆಗಳಿದ್ದವು. ಇವು ಯಾವುವೂ ಇಲ್ಲದ ಕಡೆ ಅದೇ ಯಂತ್ರ ಏನು ಮಾಡಿತು ಎಂದು ಕೇಳಿದರೆ ಉತ್ತರ ಬೇರೆಯೇ ಆಗುತ್ತದೆ. ಅದಕ್ಕಾಗಿ ಇಂದು ನಾನು ಉತ್ತರ ಅಟ್ಲಾಂಟಿಕ್ ಸಾಗರದ ಐಸ್‌ಲ್ಯಾಂಡ್ ಎಂಬ ದ್ವೀಪರಾಷ್ಟ್ರವನ್ನು ಆಯ್ದುಕೊಂಡಿದ್ದೇನೆ.

16ನೇ ಶತಮಾನದ ಐಸ್‌ಲ್ಯಾಂಡಿನಲ್ಲಿ ಸುಮಾರು ಐವತ್ತು ಸಾವಿರ ಜನರಿದ್ದರು. ಪಟ್ಟಣ ಎನ್ನಬಹುದಾದದ್ದು ಒಂದೂ ಇರಲಿಲ್ಲ. ಹೆಂಟೆಹುಲ್ಲಿನ ಗೋಡೆ ಮತ್ತು ಮಾಡುಗಳ ಒಂಟಿ ಹೊಲಮನೆಗಳಲ್ಲಿ, ಒಂದರಿಂದ ಒಂದು ದೂರವಾಗಿ, ಜನ ಬದುಕುತ್ತಿದ್ದರು. ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1911ರಲ್ಲಿ. ನಾಡನ್ನು ಆಳುತ್ತಿದ್ದ ಡೆನ್ಮಾರ್ಕಿನ ದೊರೆ ಇದ್ದುದು ಸಮುದ್ರದಾಚೆಯ ಕೋಪನ್‌ಹೇಗನ್ನಿನಲ್ಲಿ. ಅಂಥ ನಾಡು 1584ರಲ್ಲಿ ತನ್ನ ಭಾಷೆಯ ಸಂಪೂರ್ಣ ಬೈಬಲನ್ನು ತನ್ನ ನೆಲದಲ್ಲೇ ಅಚ್ಚು ಹಾಕಿಸಿತು. ಅದೇ ನಾಡು ಮಧ್ಯಯುಗದ ತನ್ನ ಸಾಗಾ ಎಂಬ ಗದ್ಯ ಕಥನಗಳನ್ನೂ, ಹಳೆಯ ದೇವತೆಗಳ ಮತ್ತು ವೀರರ ಎಡ್ಡಾ ಕಾವ್ಯಗಳನ್ನೂ ಉಳಿಸಿಕೊಂಡಿತು. ಈ ಎರಡು ಸಂಗತಿಗಳನ್ನು ಬೇರೆ ಬೇರೆಯಾಗಿ ಹೇಳುವುದು ರೂಢಿ. ನನ್ನ ವಾದವೆಂದರೆ ಇವೆರಡೂ ಒಂದೇ ಚರಿತ್ರೆಯ ಭಾಗಗಳು. ಎರಡು ಶತಮಾನಗಳಿಗೂ ಮಿಕ್ಕಿ ಅಚ್ಚುಕೂಟವು ಚರ್ಚಿನ ಕೈಯಲ್ಲೇ ಇದ್ದುದರಿಂದ, ಆ ದ್ವೀಪದಲ್ಲಿ ಧರ್ಮವು ಅಚ್ಚಿನಲ್ಲಿ ಬೆಳೆಯಿತು, ಪರಂಪರೆಯು ಕೈಬರಹದಲ್ಲಿ ಉಳಿಯಿತು, ಮತ್ತು ಒಂದೇ ಮನೆಯೊಳಗೆ, ಒಂದೇ ಭಾಷೆಯಲ್ಲಿ, ಎರಡೂ ಒಂದನ್ನೊಂದು ಪೋಷಿಸಿದವು.

ಮುದ್ರಣಕ್ಕೆ ಮುಂಚಿನ ಸ್ಥಿತಿಯನ್ನು ಮೊದಲು ನೋಡಬೇಕು. ಸುಮಾರು ಕ್ರಿ.ಶ. 1000ದಲ್ಲಿ ಆಲ್ಥಿಂಗ್ ಎಂಬ ಬಯಲುಸಭೆಯಲ್ಲಿ, ಕಾನೂನು ಹೇಳುವ ಹೊಣೆ ಹೊತ್ತಿದ್ದ ಥೋರ್ಗೇರ್ ನೀಡಿದ ತೀರ್ಪಿನಂತೆ ಐಸ್‌ಲ್ಯಾಂಡಿನ ಜನರು ಕ್ರೈಸ್ತಧರ್ಮವನ್ನು ಸ್ವೀಕರಿಸಿದರು. 1056ರಲ್ಲಿ ದಕ್ಷಿಣದ ಸ್ಕಾಲ್‌ಹೋಲ್ಟ್‌ನಲ್ಲೂ 1106ರಲ್ಲಿ ಉತ್ತರದ ಹೋಲಾರ್‌ನಲ್ಲೂ ಬಿಷಪರ ಪೀಠಗಳು ನೆಲೆಗೊಂಡವು. ಪುಸ್ತಕ ಬರೆಯಲು ತಕ್ಕ ಲ್ಯಾಟಿನ್ ಅಕ್ಷರ, ಹದ ಮಾಡಿದ ಕರುವಿನ ತೊಗಲು, ಪುಸ್ತಕವೆಂಬ ವಸ್ತು, ಎಲ್ಲವೂ ಚರ್ಚಿನೊಂದಿಗೇ ಬಂದವು. ಆದರೆ ಅಲ್ಲಿನ ಜನ ಆ ಅಕ್ಷರವನ್ನು ಬಹುಬೇಗ ತಮ್ಮ ಮಾತಿಗೆ ಒಗ್ಗಿಸಿಕೊಂಡರು. 1117-18ರ ಚಳಿಗಾಲದಲ್ಲಿ ನಾಡಿನ ಕಾನೂನು ದೇಶಭಾಷೆಯಲ್ಲಿ ಬರಹಕ್ಕೆ ಇಳಿಯಿತು. ಆರಿ ಥೋರ್ಗಿಲ್ಸನ್ ಎಂಬ ಪಾದ್ರಿ 12ನೇ ಶತಮಾನದ ಮೊದಲ ಭಾಗದಲ್ಲೇ ನಾಡಿನ ಚರಿತ್ರೆಯನ್ನು ಬರೆದನು. ಕ್ರಿ.ಶ. 1200ರ ವೇಳೆಗೆ ದೇಶಭಾಷೆಯಲ್ಲಿ ಪ್ರಸಂಗಗಳ, ಅಂದರೆ ಚರ್ಚಿನ ಧರ್ಮೋಪದೇಶಗಳ, ಸಂಗ್ರಹ ಸಿದ್ಧವಾಗಿತ್ತು. ಮಠಗಳಲ್ಲಿ ಸಂತರ ಕಥೆಯನ್ನು ಬರೆದಂತೆಯೇ ಸಾಗಾಗಳನ್ನೂ ಬರೆದರು. ಫ್ಲಾಟೆಯಾರ್‌ಬೋಕ್ ಎಂಬ 14ನೇ ಶತಮಾನದ ದೊಡ್ಡ ಹಸ್ತಪ್ರತಿಗೆ 113 ಕರುಗಳ ತೊಗಲು ಬೇಕಾಯಿತು ಎಂಬ ಲೆಕ್ಕವಿದೆ. ಒಂದು ಪುಸ್ತಕವೆಂದರೆ ಒಂದು ಹಿಂಡು ದನ ಎಂಬಂಥ ಆರ್ಥಿಕತೆ ಅದು. ಪೂಜಾವಿಧಿ ಮಾತ್ರ ಲ್ಯಾಟಿನ್ನಿನಲ್ಲೇ ನಡೆಯುತ್ತಿತ್ತು. ಶಾಸ್ತ್ರವಚನವು ವೇದಿಕೆಯ ಬಳಿ ನಿಂತವರ ಸ್ವತ್ತಾಗಿತ್ತು.

ಈ ದ್ವೀಪಕ್ಕೆ ಅಚ್ಚುಕೂಟವನ್ನು ತಂದವನು ಕಥೋಲಿಕ ಬಿಷಪನೆಂಬುದನ್ನು ಬಹಳ ಮಂದಿ ಮರೆಯುತ್ತಾರೆ. ಹೋಲಾರ್‌ನ ಬಿಷಪ್ ಯೋನ್ ಆರಾಸನ್, ಒಳ್ಳೆಯ ಕವಿ, ಹಟವಾದಿ ಧಣಿ, 1530ರ ಸುಮಾರಿಗೆ ಯೋನ್ ಮಾತ್ತಿಯಾಸನ್ ಎಂಬ ಸ್ವೀಡಿಷ್ ಮುದ್ರಕನನ್ನು ಕರೆಸಿಕೊಂಡನು. 1534ರಲ್ಲಿ ಅಲ್ಲಿ ಅಚ್ಚಾದ ಲ್ಯಾಟಿನ್ ಪ್ರಾರ್ಥನಾಗ್ರಂಥದ ಎರಡು ಹಾಳೆಗಳು ಮಾತ್ರ ಇಂದು ಉಳಿದಿವೆ. ಹೀಗೆ ಮೊದಲಿಗೆ ಈ ಯಂತ್ರ ದುಡಿದದ್ದು ಹಳೆಯ ಪಂಥಕ್ಕಾಗಿ, ಹಳೆಯ ಭಾಷೆಯಲ್ಲಿ. ಯಂತ್ರಕ್ಕೆ ತನ್ನದೇ ಆದ ಮತವಿಲ್ಲ. ಅದು ಯಾರ ಕೈಗೆ ಸಿಕ್ಕಿತು, ಯಾವ ಭಾಷೆಯ ಅಚ್ಚುಮೊಳೆ ಜೋಡಿಸಿದರು ಎಂಬುದೇ ಮುಖ್ಯವಾಗುತ್ತದೆ.

ಅದೇ ಹೊತ್ತಿಗೆ ದಕ್ಷಿಣದ ಸ್ಕಾಲ್‌ಹೋಲ್ಟ್‌ನಲ್ಲಿ ಇನ್ನೊಂದು ಕೆಲಸ ಗುಟ್ಟಾಗಿ ನಡೆದಿತ್ತು. ಹೋಲಾರ್‌ನ ಹಿಂದಿನ ಬಿಷಪನ ಮಗ ಓದ್ದುರ್ ಗೋತ್‌ಸ್ಕಾಲ್ಕ್‌ಸನ್ ಹೊರನಾಡಿನಲ್ಲಿ ಕಲಿತು, ಲೂಥರನ ವಿಚಾರಗಳನ್ನು ಒಪ್ಪಿಕೊಂಡು ಮರಳಿದ್ದನು. ಕಥೋಲಿಕ ಬಿಷಪನ ಆಸರೆಯಲ್ಲಿದ್ದುಕೊಂಡೇ ಅವನು ಹೊಸ ಒಡಂಬಡಿಕೆಯನ್ನು ಅನುವಾದಿಸತೊಡಗಿದನು. ಯಾರ ಕಣ್ಣಿಗೂ ಬೀಳದಿರಲೆಂದು ಅವನು ದನದ ಕೊಟ್ಟಿಗೆಯಲ್ಲಿ ಕುಳಿತು ಬರೆದನೆಂದು ಪರಂಪರೆಯ ಮಾತು ಹೇಳುತ್ತದೆ. ಇದು ದಂತಕಥೆಯೇ ಇರಬಹುದು. ಆದರೂ ಆ ನಾಡಿನ ಚಳಿಗಾಲದಲ್ಲಿ ಬೆರಳು ಮರಗಟ್ಟದೆ ಬರೆಯಲು ದನಗಳ ಮೈಶಾಖವಿರುವ ಕೊಟ್ಟಿಗೆಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟವೆಂಬುದನ್ನು ನೆನೆದಾಗ, ಈ ಮಾತನ್ನು ಸುಲಭವಾಗಿ ತಳ್ಳಿಹಾಕಲು ನನಗೆ ಮನಸ್ಸಾಗುವುದಿಲ್ಲ. ಆ ಅನುವಾದವು ರಾಜ ಮೂರನೆಯ ಕ್ರಿಶ್ಚಿಯನ್ನನ ಅನುಮತಿಯೊಂದಿಗೆ 1540ರಲ್ಲಿ ಡೆನ್ಮಾರ್ಕಿನ ರಾಸ್ಕಿಲ್ಡೆಯಲ್ಲಿ ಅಚ್ಚಾಯಿತು. ಐಸ್‌ಲ್ಯಾಂಡಿಕ್ ಭಾಷೆಯಲ್ಲಿ ಅಚ್ಚಾಗಿ ಇಂದಿಗೂ ಉಳಿದಿರುವ ಪುಸ್ತಕಗಳಲ್ಲಿ ಅತ್ಯಂತ ಹಳೆಯದು ಅದೇ.

ಮುಂದಿನ ಹತ್ತು ವರ್ಷಗಳ ಚರಿತ್ರೆಯಲ್ಲಿ ರಕ್ತವಿದೆ. ಡೆನ್ಮಾರ್ಕಿನ ದೊರೆ ಲೂಥರನ ಪಂಥವನ್ನು ರಾಜಧರ್ಮವಾಗಿ ಹೇರಿದಾಗ ಯೋನ್ ಆರಾಸನ್ ಒಪ್ಪಲಿಲ್ಲ. ಕೊನೆಗೆ ಸೆರೆಸಿಕ್ಕಿ, 1550ರ ನವೆಂಬರ್ 7ರಂದು ಸ್ಕಾಲ್‌ಹೋಲ್ಟ್‌ನಲ್ಲಿ ತನ್ನ ಇಬ್ಬರು ಗಂಡುಮಕ್ಕಳೊಂದಿಗೆ ಶಿರಚ್ಛೇದಕ್ಕೆ ಒಳಗಾದನು. ಮಠಗಳ ಆಸ್ತಿ ದೊರೆಯ ವಶವಾಯಿತು. ಹಾಗಾಗಿ ಈ ದ್ವೀಪದಲ್ಲಿ ಮತಸುಧಾರಣೆಯನ್ನು ತಂದದ್ದು ಪುಸ್ತಕವೆಂದು ಹೇಳಿದರೆ ತಪ್ಪಾಗುತ್ತದೆ. ತಂದದ್ದು ರಾಜಾಜ್ಞೆ ಮತ್ತು ಕೊಡಲಿ. ಹೀಗೆ ಹೇರಿದ ಧರ್ಮವು ಜನರ ಸ್ವಂತ ಧರ್ಮವಾದದ್ದು ಹೇಗೆ ಎಂದು ಕೇಳಿದಾಗ ಮಾತ್ರ ಪುಸ್ತಕದ ಪಾತ್ರ ಕಾಣಿಸುತ್ತದೆ.

ಆ ಕೆಲಸದ ಬಹುಪಾಲು ಒಬ್ಬ ಮನುಷ್ಯನ ಹೆಗಲ ಮೇಲಿತ್ತು. ಗುದ್‌ಬ್ರಾಂದುರ್ ಥೋರ್ಲಾಕ್ಸನ್ 1571ರಲ್ಲಿ ಹೋಲಾರ್‌ನ ಬಿಷಪನಾಗಿ, 1627ರಲ್ಲಿ ತೀರಿಕೊಳ್ಳುವವರೆಗೆ, ಐವತ್ತಾರು ವರ್ಷ ಆ ಪೀಠದಲ್ಲಿದ್ದನು. ಗಣಿತ ಬಲ್ಲವನು, ಅವನು ಸಿದ್ಧಪಡಿಸಿದ ಐಸ್‌ಲ್ಯಾಂಡಿನ ಭೂಪಟವು ಆರ್ಟೀಲಿಯಸ್‌ನ ಪ್ರಸಿದ್ಧ ಭೂಪಟ ಸಂಗ್ರಹವನ್ನು ಸೇರಿತು. ಅವನ ಕಾಲದಲ್ಲಿ ಹೋಲಾರ್‌ನ ಅಚ್ಚುಕೂಟದಿಂದ ನೂರರ ಆಸುಪಾಸು ಪುಸ್ತಕಗಳು ಹೊರಬಂದವು. ಅವುಗಳಲ್ಲಿ 1584ರ ಜೂನ್ 6ರಂದು ಮುಗಿದ ಬೈಬಲ್ ಶಿಖರಪ್ರಾಯವಾದುದು. ಐನೂರು ಪ್ರತಿ ಅಚ್ಚಾಯಿತು. ಕಾಗದ ಹಡಗಿನಲ್ಲಿ ಬರಬೇಕಿತ್ತು. ಆ ತೀರಕ್ಕೆ ಹಡಗು ಬರುತ್ತಿದ್ದುದು ಬೇಸಗೆಯಲ್ಲಿ ಮಾತ್ರ. ಚಿತ್ರದ ಮರದಚ್ಚುಗಳನ್ನು ಹೊರನಾಡಿನಿಂದ ತರಿಸಿದರು. ಕೆಲವನ್ನು ಬಿಷಪನೇ ಕೆತ್ತಿದನೆಂದು ಹೇಳುತ್ತಾರೆ. ಖರ್ಚಿಗೆ ನೆರವಾಗಿ ಪ್ರತಿಯೊಂದು ಚರ್ಚು ಒಂದು ಬೆಳ್ಳಿಯ ಡಾಲರ್ ಕೊಡಬೇಕೆಂದು ರಾಜಾಜ್ಞೆಯಾಯಿತು. ಒಂದು ಪ್ರತಿಯ ಬೆಲೆ ಎರಡು ಮೂರು ಹಸುಗಳ ಬೆಲೆಗೆ ಸಮವಾಗಿತ್ತು. ತೊಗಲಿನ ಪುಸ್ತಕದೊಂದಿಗೆ ಹೋಲಿಸಿದರೆ ಇದು ಅಗ್ಗ. ಬಡ ರೈತನ ಕೈಗೆ ಮಾತ್ರ ಇದೂ ಎಟುಕದು. ಆದುದರಿಂದ ದೊಡ್ಡ ಬೈಬಲ್ ಬಹುಮಟ್ಟಿಗೆ ಚರ್ಚುಗಳಲ್ಲೇ ಉಳಿಯಿತು.

ಈ ಬೈಬಲಿನ ಭಾಷೆಯ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಅದೇ ದೊರೆಯ ಅಧೀನದಲ್ಲಿದ್ದ ನಾರ್ವೆಗೆ ಡೇನಿಷ್ ಬೈಬಲ್ ಬಂತು, ಫೆರೋ ದ್ವೀಪಗಳಿಗೂ ಡೇನಿಷ್ ಬೈಬಲ್ಲೇ ಬಂತು. ಎರಡೂ ಕಡೆ ಪ್ರಾರ್ಥನೆಯ, ಪ್ರಸಂಗದ, ನ್ಯಾಯಾಲಯದ ಬರಹವೆಲ್ಲ ಡೇನಿಷ್ ಆಯಿತು. ಫೆರೋ ಜನರಿಗೆ ತಮ್ಮ ಭಾಷೆಯ ಪೂರ್ಣ ಬೈಬಲ್ ದೊರೆತದ್ದು 20ನೇ ಶತಮಾನದಲ್ಲಿ. ಐಸ್‌ಲ್ಯಾಂಡಿನಲ್ಲಿ ಹಾಗಾಗದಿರಲು ಕಾರಣ ಅಚ್ಚುಕೂಟವೊಂದೇ ಎಂದು ಕೆಲವರು ಹೇಳುತ್ತಾರೆ. ನಾನು ಅಷ್ಟು ದೂರ ಹೋಗಲಾರೆ. ಓದ್ದುರನ ಕೈಬರಹ ಮುದ್ರಕನ ಬಳಿಗೆ ಹೋಗುವ ಹೊತ್ತಿಗೆ, ದೇಶಭಾಷೆಯಲ್ಲಿ ಗದ್ಯ ಬರೆಯುವ ನಾಲ್ಕು ಶತಮಾನಗಳ ಅಭ್ಯಾಸ ಆ ನಾಡಿಗಿತ್ತು. ಅವನ ಗದ್ಯದ ಬಿಗಿ, ಗಾಂಭೀರ್ಯಗಳು ಆಕಾಶದಿಂದ ಇಳಿದವಲ್ಲ. ಸಾಗಾಗಳನ್ನೂ ಸಂತಚರಿತ್ರೆಗಳನ್ನೂ ಬರೆದ ಲಿಪಿಕಾರರು ಹದಗೊಳಿಸಿದ ಭಾಷೆ ಅದು. ಪರಂಪರೆಯು ಬೈಬಲಿಗೆ ಭಾಷೆ ಕೊಟ್ಟಿತು. ಬೈಬಲು ಆ ಭಾಷೆಗೆ ಚರ್ಚಿನಲ್ಲಿ ಸ್ಥಾನ ಕೊಟ್ಟಿತು.

ಮನೆಯನ್ನು ಮುಟ್ಟಿದವು ಚಿಕ್ಕ ಪುಸ್ತಕಗಳು. 1589ರಲ್ಲಿ ಕೀರ್ತನೆಗಳ ಸಂಗ್ರಹ ಬಂತು. 1594ರಲ್ಲಿ ಸ್ವರಗಳನ್ನೂ ಆರಾಧನಾ ಕ್ರಮವನ್ನೂ ಒಳಗೊಂಡ ಇನ್ನೊಂದು ಪುಸ್ತಕ ಬಂದು ಎರಡು ಶತಮಾನ ಬಳಕೆಯಲ್ಲಿತ್ತು. ಕೀರ್ತನೆಗಳ ಪುಸ್ತಕವನ್ನು ತರುವಾಗ ಗುದ್‌ಬ್ರಾಂದುರನ ಉದ್ದೇಶ ಸ್ಪಷ್ಟವಾಗಿತ್ತು: ಜನರು ರಕ್ಕಸರ, ಹಳೆಯ ವೀರರ, ಪ್ರಣಯದ ಹಾಡುಗಳನ್ನು ಬಿಟ್ಟು ದೇವರ ಹಾಡುಗಳನ್ನು ಹಾಡಬೇಕು. ಆ ಹಳೆಯ ಹಾಡುಗಳಿಗೆ ರೀಮುರ್ ಎಂದು ಹೆಸರು. ಸಾಗಾಗಳ ಕಥೆಯನ್ನು ಬಿಗಿಯಾದ ಪ್ರಾಸದಲ್ಲಿ ಕಟ್ಟಿ ರಾಗವಾಗಿ ಹೇಳುವ ದೀರ್ಘ ಕಥನಪದ್ಯಗಳು ಅವು. ಜನ ಅವನ್ನು ಬಿಡಲಿಲ್ಲ. ಆಗ ಬಿಷಪನು 1612ರಲ್ಲಿ ಒಂದು ಪದ್ಯಸಂಗ್ರಹ ತಂದನು. ರೂತಳ ಕಥೆ, ಯೂದಿತಳ ಕಥೆ ಮೊದಲಾದ ಶಾಸ್ತ್ರಕಥೆಗಳೇ ಅದರಲ್ಲಿ ರೀಮುರ್ ರೂಪ ಧರಿಸಿ ಬಂದವು. ಯಾವ ಹಾಡನ್ನು ಓಡಿಸಬೇಕೆಂದು ಅವನು ಹೊರಟಿದ್ದನೋ ಅದರ ಛಂದಸ್ಸನ್ನೇ ಚರ್ಚಿನ ಅಚ್ಚುಕೂಟ ಎತ್ತಿಕೊಳ್ಳಬೇಕಾಯಿತು. ಅಚ್ಚು ಮತ್ತು ಪರಂಪರೆ ಎದುರುಬದುರು ನಿಂತಾಗ ಆದದ್ದೇನೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಗೊತ್ತಿಲ್ಲ.

ಈ ಪುಸ್ತಕಗಳು ಬಳಕೆಯಾಗುತ್ತಿದ್ದ ಜಾಗವನ್ನು ಹತ್ತಿರದಿಂದ ನೋಡೋಣ. ಚಳಿಗಾಲದಲ್ಲಿ ಆ ನಾಡಿನ ಹಗಲು ಕೆಲವೇ ಗಂಟೆಗಳದು. ಮನೆಯವರೂ ಆಳುಗಳೂ ಎಲ್ಲರೂ ಮಲಗುವ ಉದ್ದನೆಯ ಒಂದೇ ಕೋಣೆಯಲ್ಲಿ, ಮೀನೆಣ್ಣೆಯ ದೀಪದ ಸುತ್ತ ಕುಳಿತು, ಉಣ್ಣೆ ಹಿಂಜುವುದು, ನೂಲುವುದು, ಹೆಣೆಯುವುದು ನಡೆಯುತ್ತಿತ್ತು. ಕೈಗಳು ದುಡಿಯುತ್ತಿರುವಾಗ ಒಬ್ಬರು ದೀಪದ ಹತ್ತಿರ ಕುಳಿತು ಸಾಗಾ ಓದುವರು, ಇಲ್ಲವೇ ರೀಮುರ್ ಹಾಡುವರು. ಆ ಓದಿನ ಪುಸ್ತಕ ಸಾಮಾನ್ಯವಾಗಿ ಕೈಬರಹದ್ದು; ನೆರೆಯ ಹೊಲಮನೆಯಿಂದ ಎರವಲು ತಂದು, ನಕಲು ಮಾಡಿಕೊಂಡದ್ದು. ಕೆಲಸ ಮುಗಿದ ಮೇಲೆ ಅಚ್ಚಿನ ಪುಸ್ತಕ ಹೊರಬರುತ್ತಿತ್ತು. ಒಂದು ಕೀರ್ತನೆ, ಒಂದು ಪ್ರಸಂಗ, ಮತ್ತೊಂದು ಕೀರ್ತನೆ, ಪ್ರಾರ್ಥನೆ. ಹಿಮ ಬಿದ್ದು ದಾರಿ ಮುಚ್ಚಿದಾಗ ಚರ್ಚಿಗೆ ಹೋಗುವುದು ಆಗದ ಮಾತು. ಪಾದ್ರಿಯ ಬದಲು ಮನೆಯ ಯಜಮಾನನೋ ಚೆನ್ನಾಗಿ ಓದಬಲ್ಲ ಹೆಣ್ಣುಮಗಳೋ ಆ ಆರಾಧನೆ ನಡೆಸುತ್ತಿದ್ದರು. 1718ರಿಂದ 1720ರವರೆಗೆ ಹೋಲಾರ್‌ನಲ್ಲಿ ಅಚ್ಚಾದ ಬಿಷಪ್ ಯೋನ್ ವಿದಾಲಿನನ ಪ್ರಸಂಗಗಳು ತಲೆಮಾರುಗಳವರೆಗೆ ಹೀಗೆ ಮನೆಮನೆಯಲ್ಲಿ ಕೇಳಿಬಂದವು. ಮುದ್ರಣವು ಕ್ರೈಸ್ತಧರ್ಮವನ್ನು ಬದಲಿಸಿತು ಎಂದಾಗ ನನ್ನ ಮನಸ್ಸಿನಲ್ಲಿರುವುದು ಈ ಸ್ಥಳಾಂತರ: ವಚನವು ವೇದಿಕೆಯಿಂದ ಹೊರಟು ಉಣ್ಣೆಯ ವಾಸನೆಯ ಕೋಣೆಗೆ ಬಂತು, ಪಾದ್ರಿಯ ಬಾಯಿಂದ ಮನೆಯ ಓದುಗರ ಬಾಯಿಗೆ ಬಂತು.

ಆ ಕೋಣೆಗೆ ಅತ್ಯಂತ ಪ್ರಿಯವಾದ ಪುಸ್ತಕ ಹಾಲ್‌ಗ್ರಿಮುರ್ ಪೇತುರ್ಸನ್ ಬರೆದ ಯಾತನಾ ಕೀರ್ತನೆಗಳು. ಕ್ರಿಸ್ತನ ಕೊನೆಯ ದಿನಗಳನ್ನು ಕುರಿತ ಐವತ್ತು ಕೀರ್ತನೆಗಳಿವು. ಹಾಲ್‌ಗ್ರಿಮುರನ ಹೆಂಡತಿ ಗುದ್ರೀದುರ್ 1627ರಲ್ಲಿ ಕಡಲ್ಗಳ್ಳರ ಕೈಗೆ ಸಿಕ್ಕಿ ಆಲ್ಜಿಯರ್ಸ್‌ನಲ್ಲಿ ಗುಲಾಮಳಾಗಿದ್ದು, ಬಿಡುಗಡೆಯ ಹಣ ತೆತ್ತ ಮೇಲೆ ಮರಳಿದವಳು. ಅವನು ಪಾದ್ರಿಯಾಗಿ ಬಡತನದಲ್ಲಿ ಬದುಕಿ, ಕುಷ್ಠರೋಗದಿಂದ 1674ರಲ್ಲಿ ತೀರಿಕೊಂಡನು. ಈ ಕೀರ್ತನೆಗಳ ಕರ್ತೃವೇ ರೀಮುರ್‌ಗಳನ್ನೂ ರಚಿಸಿದ್ದಾನೆ. ಎರಡು ಧಾರೆಗಳೂ ಒಬ್ಬ ಕವಿಯಲ್ಲೇ ಹರಿದಿವೆ. 1661ರಲ್ಲಿ ಅವನು ತನ್ನ ಕೈಯಲ್ಲೇ ಬರೆದ ಪ್ರತಿಯನ್ನು ಸ್ಕಾಲ್‌ಹೋಲ್ಟ್‌ನ ಬಿಷಪನ ಮಗಳು ರಾಗ್ನ್‌ಹೇದುರಳಿಗೆ ಕಳುಹಿಸಿದನು. 1666ರಲ್ಲಿ ಹೋಲಾರ್‌ನಲ್ಲಿ ಅವು ಅಚ್ಚಾದವು. ಈಸ್ಟರಿಗೆ ಮುಂಚಿನ ಉಪವಾಸ ಕಾಲದಲ್ಲಿ ಸಂಜೆಗೊಂದರಂತೆ ಹಾಡಿ ಹಾಡಿ, ಪುಸ್ತಕ ತೆರೆಯದೆಯೂ ಹೇಳಬಲ್ಲವರು ಎಲ್ಲೆಡೆ ಇದ್ದರು. ಸತ್ತವರ ಎದೆಯ ಮೇಲೆ ಆ ಪುಸ್ತಕವನ್ನಿಟ್ಟು ಹೂಳುವ ವಾಡಿಕೆಯೂ ಇತ್ತು.

ಈಗ ಚರಿತ್ರೆಯ ಇನ್ನೊಂದು ಮುಖ. ಮುದ್ರಣ ತಂದ ನಷ್ಟಗಳನ್ನು ಮರೆಮಾಚಬಾರದು. ಲ್ಯಾಟಿನ್ ಪೂಜಾವಿಧಿ ರದ್ದಾದೊಡನೆ ಅದರ ತೊಗಲಿನ ಹಸ್ತಪ್ರತಿಗಳು ಕೆಲಸಕ್ಕೆ ಬಾರದವಾದವು. ಅವನ್ನು ಕತ್ತರಿಸಿ ಅಚ್ಚಿನ ಪುಸ್ತಕಗಳಿಗೆ ರಟ್ಟು ಕಟ್ಟಿದರು. ದೇಶಭಾಷೆಯ ಹಾಳೆಗಳಿಗೂ ಈ ಗತಿ ತಪ್ಪಲಿಲ್ಲ. ಪ್ರಣಯಕಥೆಗಳ ಹಸ್ತಪ್ರತಿಯೊಂದರ ಹಾಳೆಗಳನ್ನು ಬಿಷಪನ ಕಿರೀಟಕ್ಕೆ ಬಿಗಿ ಬರಲೆಂದು ಒಳಗೆ ಹೊಲಿದಿದ್ದರು. ಅವು ಇಂದಿಗೂ ಕಿರೀಟದ ಆಕಾರದಲ್ಲೇ ಇವೆ.

ಚರ್ಚಿನ ಅಚ್ಚುಕೂಟವು ಸಾಗಾಗಳನ್ನು ಮುಟ್ಟಲಿಲ್ಲ. 1639ರಲ್ಲಿ ಸ್ಕಾಲ್‌ಹೋಲ್ಟ್‌ನ ಬಿಷಪನಾದ ಬ್ರಿನ್ಯೋಲ್ಫುರ್ ಸ್ವೇನ್‌ಸನ್ ವಿದ್ವಾಂಸ. ಎಡ್ಡಾ ಕಾವ್ಯಗಳ ಮೂಲವಾದ ಚಿಕ್ಕ ತೊಗಲಿನ ಪ್ರತಿ 1643ರಲ್ಲಿ ಅವನ ಕೈಸೇರಿತು. ಪುರಾತನ ಗ್ರಂಥಗಳನ್ನು ಅಚ್ಚು ಹಾಕಲು ತನ್ನ ಪೀಠದಲ್ಲೂ ಅಚ್ಚುಕೂಟ ಬೇಕೆಂದು ಅವನು ಯತ್ನಿಸಿದನು. ಹೋಲಾರ್‌ನ ಬಿಷಪ್ ಥೋರ್ಲಾಕುರ್ ಸ್ಕೂಲಸನ್, ಗುದ್‌ಬ್ರಾಂದುರನ ಮೊಮ್ಮಗ, ಅಡ್ಡಬಂದನು, ಅನುಮತಿ ಸಿಗಲಿಲ್ಲ. ಮುಂದೆ ಬ್ರಿನ್ಯೋಲ್ಫುರ್ ಆ ಅಮೂಲ್ಯ ಪ್ರತಿಗಳನ್ನು ದೊರೆಗೆ ಕಳುಹಿಸಿಕೊಟ್ಟನು. ತನ್ನ ನಾಡಿನಲ್ಲಿ ಅಚ್ಚಾಗದ ಗ್ರಂಥಕ್ಕೆ ಕೋಪನ್‌ಹೇಗನ್ನಿನಲ್ಲಾದರೂ ಬಾಳಿಕೆ ಸಿಗಲೆಂದು ಅವನು ಭಾವಿಸಿದ್ದರೆ ಅದರಲ್ಲಿ ಅಚ್ಚರಿಯಿಲ್ಲ. ಇದರ ಮುಂದುವರಿಕೆ ಇನ್ನೂ ಕುತೂಹಲಕರವಾಗಿದೆ. ಅಡ್ಡಬಂದ ಥೋರ್ಲಾಕುರನ ಮಗ ಥೋರ್ದುರ್ ಸ್ಕಾಲ್‌ಹೋಲ್ಟ್‌ನ ಬಿಷಪನಾಗಿ, 1685ರಲ್ಲಿ ಅಚ್ಚುಕೂಟವನ್ನೇ ಅಲ್ಲಿಗೆ ಸಾಗಿಸಿಕೊಂಡು, 1688ರಲ್ಲಿ ಆರಿಯ ಚರಿತ್ರೆಯನ್ನೂ ದ್ವೀಪಕ್ಕೆ ಜನ ಬಂದು ನೆಲೆಸಿದ ವೃತ್ತಾಂತವನ್ನೂ ಅಚ್ಚು ಹಾಕಿಸಿದನು. ಅಪ್ಪ ಮುಚ್ಚಿದ ಬಾಗಿಲನ್ನು ಮಗ ಅಷ್ಟಿಷ್ಟು ತೆರೆದನು. ಆದರೆ ಆ ಪ್ರಯತ್ನ ಹೆಚ್ಚು ಕಾಲ ನಡೆಯಲಿಲ್ಲ, ಅಚ್ಚುಕೂಟ ಮತ್ತೆ ಹೋಲಾರ್‌ಗೇ ಮರಳಿತು.

ಹೀಗೆ ಅಚ್ಚಿಗೆ ಸಿಗದ ಪರಂಪರೆಯನ್ನು ರೈತರು, ಪಾದ್ರಿಗಳು, ಬೆಸ್ತರು ಕಾಗದದ ಮೇಲೆ ನಕಲು ಮಾಡುತ್ತ 20ನೇ ಶತಮಾನದ ಆರಂಭದವರೆಗೆ ಉಳಿಸಿಕೊಂಡು ಬಂದರು. ಇಲ್ಲಿ ಚರ್ಚಿನ ಪಾಲನ್ನು ನ್ಯಾಯವಾಗಿ ಹೇಳಬೇಕು. ಡೆನ್ಮಾರ್ಕಿನ ದೊರೆ ಕಳುಹಿಸಿದ ಲುದ್ವಿಗ್ ಹಾರ್ಬೋ 1741ರಿಂದ 1745ರವರೆಗೆ ದ್ವೀಪವನ್ನು ಸುತ್ತಿ, ಮಕ್ಕಳಿಗೆ ಓದು ಬರುತ್ತದೆಯೇ ಎಂದು ಪರೀಕ್ಷಿಸಿದನು. ಅನಂತರ ಮನೆಮನೆಯಲ್ಲಿ ಓದು ಕಲಿಸುವುದನ್ನು ಕಡ್ಡಾಯ ಮಾಡುವ ಆಜ್ಞೆಗಳು ಬಂದವು. 1746ರ ಒಂದು ಆಜ್ಞೆಯು ಸಾಗಾ ಮತ್ತು ರೀಮುರ್‌ಗಳ ಓದನ್ನು ತಡೆಯಬೇಕೆಂದೂ ಹೇಳಿತು. ಓದಲು ಕಲಿಸಿದ ಮೇಲೆ ಏನನ್ನು ಓದಬೇಕೆಂಬುದು ಆಜ್ಞೆಯ ಹಿಡಿತದಲ್ಲಿ ಉಳಿಯುವುದಿಲ್ಲ. ಪ್ರಶ್ನೋತ್ತರ ರೂಪದ ಧರ್ಮಬೋಧೆಯ ಪುಸ್ತಕದಲ್ಲಿ ಅಕ್ಷರ ಕಲಿತ ಹುಡುಗ ಅದೇ ಕಣ್ಣಿನಲ್ಲಿ ನ್ಯಾಲನ ಸಾಗಾ ಓದಿದನು. 18ನೇ ಶತಮಾನ ಮುಗಿಯುವಾಗ ಆ ಬಡ ದ್ವೀಪದ ಬಹುತೇಕ ಎಲ್ಲರಿಗೂ ಓದು ಬರುತ್ತಿತ್ತು.

ತೊಗಲಿನ ಪ್ರತಿಗಳನ್ನು ಒಂದೆಡೆ ಸೇರಿಸಿದವನು ಆರ್ನಿ ಮಾಗ್ನುಸ್ಸನ್. ಹೊಲಮನೆಯಿಂದ ಹೊಲಮನೆಗೆ ಅಲೆದು, ಚಿಂದಿಯಾದ ಒಂದೊಂದು ಹಾಳೆಯನ್ನೂ ಬಿಡದೆ ಕೋಪನ್‌ಹೇಗನ್ನಿಗೆ ಒಯ್ದನು. 1728ರ ಅಕ್ಟೋಬರಿನಲ್ಲಿ ಆ ನಗರಕ್ಕೆ ಬೆಂಕಿ ಬಿದ್ದಾಗ ಅವನ ತೊಗಲಿನ ಪ್ರತಿಗಳಲ್ಲಿ ಹೆಚ್ಚಿನವು ಪಾರಾದವು. ಅಚ್ಚಿನ ಪುಸ್ತಕಗಳು ಬಹುಪಾಲು ಸುಟ್ಟುಹೋದವು. ಹೋಲಾರ್‌ನ ಆರಂಭಕಾಲದ ಮುದ್ರಣದ ಬಗ್ಗೆ ನಮಗೆ ಇಷ್ಟು ಕಡಿಮೆ ತಿಳಿದಿರುವುದಕ್ಕೆ ಆ ಬೆಂಕಿಯೂ ಒಂದು ಕಾರಣ. 1944ರಲ್ಲಿ ಗಣರಾಜ್ಯವಾದ ಐಸ್‌ಲ್ಯಾಂಡ್ ತನ್ನ ಹಸ್ತಪ್ರತಿಗಳನ್ನು ಹಿಂದಿರುಗಿಸಬೇಕೆಂದು ಕೇಳಿತು. 1971ರ ಏಪ್ರಿಲ್ 21ರಂದು ಡೇನಿಷ್ ನೌಕೆಯೊಂದು ಎಡ್ಡಾ ಪ್ರತಿಯನ್ನೂ ಫ್ಲಾಟೆಯಾರ್‌ಬೋಕನ್ನೂ ಹೊತ್ತು ರೇಕ್ಯವಿಕ್ ಬಂದರಿಗೆ ಬಂದಾಗ ಸಾವಿರಾರು ಜನ ದಡದಲ್ಲಿ ನೆರೆದಿದ್ದರು. ಹಿಂದಿರುಗಿಸುವ ಕೆಲಸ 1997ರವರೆಗೆ ನಡೆಯಿತು.

ಕೋಪನ್‌ಹೇಗನ್ನಿನ ದೊರೆಗಳ ಧ್ವಜ ಭಾರತದಲ್ಲೂ ಹಾರಾಡುತ್ತಿತ್ತೆಂಬುದನ್ನು ಇಲ್ಲಿ ನೆನಪಿಸುವುದು ಅಪ್ರಸ್ತುತವಾಗಲಾರದು. ತಮಿಳುನಾಡಿನ ತರಂಗಂಬಾಡಿ ಡೇನಿಷ್ ಕೋಟೆಯಾಗಿತ್ತು. ಯೋನ್ ಓಲಾಫ್ಸನ್ ಎಂಬ ಐಸ್‌ಲ್ಯಾಂಡಿನ ರೈತನ ಮಗ 1620ರ ದಶಕದಲ್ಲಿ ಅಲ್ಲಿ ಸಿಪಾಯಿಯಾಗಿದ್ದು, ಊರಿಗೆ ಮರಳಿ ಮುಪ್ಪಿನಲ್ಲಿ ಬರೆದ ಆತ್ಮಕಥೆ ಹಸ್ತಪ್ರತಿಯಾಗಿಯೇ ಉಳಿದು 20ನೇ ಶತಮಾನದಲ್ಲಿ ಅಚ್ಚಾಯಿತು. ಅದೇ ತರಂಗಂಬಾಡಿಯಲ್ಲಿ 1715ರಲ್ಲಿ ತಮಿಳಿನ ಹೊಸ ಒಡಂಬಡಿಕೆ ಅಚ್ಚಾಯಿತು. ಬಂಗಾಳದ ಶ್ರೀರಾಮಪುರವೂ 1845ರವರೆಗೆ ಡೇನಿಷ್ ನೆಲೆ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಅಲ್ಲಿ ಅಚ್ಚಾಯಿತು. ನಮ್ಮ ಮುದ್ರಣದ ಆರಂಭದ ಒಂದು ಎಳೆ ಹೀಗೆ ಆ ದೂರದ ದ್ವೀಪವನ್ನು ಆಳಿದ ಸಿಂಹಾಸನದ ನೆರಳನ್ನು ಹಾದುಬಂದಿದೆ.

ಚರ್ಚಿನ ಏಕಸ್ವಾಮ್ಯ ಮುಗಿದದ್ದು 1773ರಲ್ಲಿ, ಪಶ್ಚಿಮದ ಹ್ರಾಪ್ಸೆಯ್ ಎಂಬ ಪುಟ್ಟ ದ್ವೀಪದಲ್ಲಿ ಖಾಸಗಿ ಅಚ್ಚುಕೂಟ ಆರಂಭವಾದಾಗ. 1799ರ ವೇಳೆಗೆ ಹೋಲಾರ್‌ನ ಅಚ್ಚುಕೂಟವೂ ಸ್ಥಳ ಬಿಟ್ಟಿತು. ನಾಡಿನ ಮುದ್ರಣವೆಲ್ಲ ಜ್ಞಾನೋದಯದ ವಕ್ತಾರ ಮಾಗ್ನುಸ್ ಸ್ತೆಫೆನ್ಸನ್ನನ ಹಿಡಿತಕ್ಕೆ ಬಂತು. ಅವನು 1801ರಲ್ಲಿ ಹಳೆಯ ಕೀರ್ತನೆಗಳನ್ನು ತಿದ್ದಿ, ಕೆಲವನ್ನು ಕೈಬಿಟ್ಟು, ಹೊಸ ಸಂಗ್ರಹವನ್ನು ತಂದನು. ಯಂತ್ರ ಅವನದಾಗಿತ್ತು, ಅಧಿಕಾರ ಅವನದಾಗಿತ್ತು. ಆದರೂ ಜನ ಆ ಸಂಗ್ರಹವನ್ನು ಮನಸಾರೆ ಒಪ್ಪಲಿಲ್ಲ. ಗುದ್‌ಬ್ರಾಂದುರನಿಗೆ ರೀಮುರ್‌ಗಳು ಬಗ್ಗದಿದ್ದಂತೆಯೇ ಇವನಿಗೆ ಯಾತನಾ ಕೀರ್ತನೆಗಳು ಬಗ್ಗಲಿಲ್ಲ. ಒಂದು ಕಾಲಕ್ಕೆ ಅಚ್ಚಿನಿಂದ ಮನೆಗೆ ಬಂದದ್ದು ಈಗ ಅಚ್ಚಿನ ಹಂಗಿಲ್ಲದ ಪರಂಪರೆಯಾಗಿತ್ತು. ಆ ಪುಸ್ತಕದ ತೊಂಬತ್ತಕ್ಕೂ ಹೆಚ್ಚು ಮುದ್ರಣಗಳು ಈವರೆಗೆ ಬಂದಿವೆ, ಮತ್ತು 1944ರಿಂದ ಪ್ರತಿ ವರ್ಷದ ಉಪವಾಸ ಕಾಲದಲ್ಲಿ ಐಸ್‌ಲ್ಯಾಂಡಿನ ರಾಷ್ಟ್ರೀಯ ಬಾನುಲಿಯು ಸಂಜೆಗೊಂದರಂತೆ ಆ ಐವತ್ತು ಕೀರ್ತನೆಗಳ ವಾಚನವನ್ನು ಪ್ರಸಾರ ಮಾಡುತ್ತಿದೆ.